ಬೂಷ್ಟು ಹಿಡಿದ ಚರ್ಮದ ಬ್ಯಾಗಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ, ಈಗೇನು ಮಾಡಲಿ?

ಪ್ರಶ್ನೆ: ನಾವು ಉಡುಪಿಯ ಹತ್ತಿರದವರು. ಮೂರು ವರ್ಷದ ಹಿಂದೆ ಮಗಳು ತನ್ನ ಮೊದಲ ಸಂಬಳದಲ್ಲಿ ನನಗೊಂದು ಚರ್ಮದ ಬ್ಯಾಗು ಕೊಡಿಸಿದಳು. ಅಪ್ಪಟ ಚರ್ಮ, ಬೆಲ್ಲದ ಬಣ್ಣ, ಹಿತ್ತಾಳೆಯ ಬಕಲ್ಲು. ಹಾಳಾಗಬಾರದು ಅಂತ ಮದುವೆ-ಮುಂಜಿಗೆ ಮಾತ್ರ ತೆಗೆಯುತ್ತಿದ್ದೆ. ಈ ಸಲ ಮಳೆಗೆ ಮುಂಚೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನಾಲ್ಕು ನುಸಿಗುಳಿಗೆ ಹಾಕಿ ಕಬ್ಬಿಣದ ಕಪಾಟಿನಲ್ಲಿಟ್ಟೆ. ಚೌತಿಗೆ ತೆಗೆದರೆ ಮೈತುಂಬ ಬಿಳಿ-ಹಸಿರು ಬೂಷ್ಟು! ಒದ್ದೆ ಬಟ್ಟೆಯಲ್ಲಿ ಒರೆಸಿ, ಮೃದುವಾಗಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿ, ಕವರಿಲ್ಲದೆ ಅದೇ ಕಪಾಟಿಗೆ ಸೇರಿಸಿದೆ. ಹಚ್ಚಿದಲ್ಲೆಲ್ಲ ಕಪ್ಪು ಮಚ್ಚೆ. ಎರಡು ವಾರದಲ್ಲಿ ಬೂಷ್ಟು ವಾಪಸ್ ಬಂತು. ಈಗ ಮುಟ್ಟಿದರೆ ಜಿಗುಟು, ಕಮಟು ವಾಸನೆ, ಬಕಲ್ಲಿನ ಬುಡದಲ್ಲಿ ಹಸಿರು ಕಿಲುಬು, ಕಪಾಟಿಗೆ ತಾಗಿದ ಅಡಿಭಾಗದಲ್ಲಿ ಶಾಯಿ ಚೆಲ್ಲಿದ ಹಾಗೆ ಒಂದು ಗೆರೆ. ಒಬ್ಬರು ಬಿಸಿಲಿಗಿಡಿ ಅಂತಾರೆ, ಒಬ್ಬರು ವಿನೆಗರ್ ಅಂತಾರೆ, ಚಪ್ಪಲಿ ಅಂಗಡಿಯವರು ಪಾಲಿಶ್ ಹೊಡೆದರೆ ಮುಚ್ಚಿಹೋಗುತ್ತೆ ಅಂದರು. ಇನ್ನೊಬ್ಬರು ಚರ್ಮ ಹೋಯಿತು, ಬಿಸಾಡಿ ಅಂದುಬಿಟ್ಟರು. ಮಗಳು ದೀಪಾವಳಿಗೆ ಬರುತ್ತಾಳೆ. ಇದನ್ನು ಉಳಿಸಿಕೊಳ್ಳಬಹುದೇ? ಎಣ್ಣೆ ಹಚ್ಚಿದ್ದೇ ತಪ್ಪಾಯಿತೇ? ನಮ್ಮಜ್ಜ ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದರಲ್ಲ?

ಉತ್ತರ: ಬಿಸಾಡಬೇಡಿ. ನೀವು ಬರೆದ ಅಷ್ಟೂ ಲಕ್ಷಣಗಳಲ್ಲಿ ಚರ್ಮ ಸತ್ತಿದೆ ಎಂದು ಹೇಳುವಂಥದ್ದು ಒಂದೂ ಇಲ್ಲ. ಚರ್ಮ ನಿಜವಾಗಿ ಹೋಗಿದ್ದರೆ ಬಾರನ್ನು ಬಗ್ಗಿಸಿದಾಗ ಮೇಲ್ಮೈ ಬಿರಿಯುತ್ತದೆ, ಬೆರಳಿಗೆ ಕೆಂಪು ಪುಡಿ ಹತ್ತುತ್ತದೆ, ಹೊಲಿಗೆಯ ಹತ್ತಿರ ಎಳೆದರೆ ತೂತುಗಳು ಹರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಲವತ್ತು-ಐವತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ವಕೀಲರ ಪೆಟ್ಟಿಗೆಗಳಲ್ಲಿ, ಹಳೆಯ ಪುಸ್ತಕಗಳ ಚರ್ಮದ ರಟ್ಟಿನಲ್ಲಿ ನಾನು ಅದನ್ನು ನೋಡಿದ್ದೇನೆ. ಅದಕ್ಕೆ ಮದ್ದಿಲ್ಲ. ನಿಮ್ಮ ಬ್ಯಾಗಿಗೆ ಈಗಿನ್ನೂ ಮೂರೇ ವರ್ಷ ವಯಸ್ಸು.

ಉಳಿಯುತ್ತದೆ ಅಂದರೆ ಮೊದಲಿನಂತೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ ಎಂದಲ್ಲ. ಬೂಷ್ಟು ಪೂರ್ತಿ ಹೋಗುತ್ತದೆ. ಜಿಗುಟು ಮತ್ತು ವಾಸನೆ ಬಹುಪಾಲು ಹೋಗುತ್ತವೆ. ಎಣ್ಣೆಯ ಕಪ್ಪು ಸ್ವಲ್ಪ ತಿಳಿಯಾಗುತ್ತದೆ, ಅಷ್ಟೆ. ಮೂವತ್ತು ವರ್ಷದಿಂದ ಚರ್ಮದ ಕೆಲಸದಲ್ಲಿದ್ದೇನೆ, ಮೊದಲು ಹದ ಮಾಡುವ ಕಾರ್ಖಾನೆಯಲ್ಲಿ, ಆಮೇಲೆ ರಿಪೇರಿ ವರ್ಕ್‌ಶಾಪಿನಲ್ಲಿ. ಚರ್ಮದೊಳಗೆ ಇಳಿದ ಎಣ್ಣೆಯನ್ನು ಪೂರ್ತಿ ಹೊರತೆಗೆದವರನ್ನು ಇನ್ನೂ ನೋಡಿಲ್ಲ.

ಈಗ ನಿಮ್ಮ ಅಜ್ಜನ ವಿಷಯ. ಈ ಮಾತನ್ನು ತಿಂಗಳಿಗೆ ಹತ್ತು ಸಲವಾದರೂ ಕೇಳುತ್ತೇನೆ, ಮತ್ತು ಅದನ್ನು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಅಜ್ಜ ಮಾಡಿದ್ದು ಸರಿ. ಬಾರುಕೋಲು, ಎತ್ತಿನ ಕೊರಳಪಟ್ಟಿ, ಮಿಣಿ, ಮೆಟ್ಟು, ಇವಕ್ಕೆಲ್ಲ ಎಣ್ಣೆ ತಿನ್ನಿಸುತ್ತಿದ್ದರು. ಬಯಲುಸೀಮೆಯಲ್ಲಿ ಹೆಚ್ಚಾಗಿ ಹರಳೆಣ್ಣೆ. ಅವೆಲ್ಲ ದಿನಾ ಕೆಸರಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಮತ್ತೆ ನೆನೆಯುವ ವಸ್ತುಗಳು. ಒಂದೊಂದು ಸಲ ನೆನೆದು ಒಣಗಿದಾಗಲೂ ಚರ್ಮದ ಎಳೆಗಳ ನಡುವಿನ ಜಿಡ್ಡು ಸ್ವಲ್ಪ ಕಳೆದುಹೋಗುತ್ತದೆ. ಅದು ತೀರಿದರೆ ಎಳೆಗೆ ಎಳೆ ಅಂಟಿಕೊಂಡು ಚರ್ಮ ಚಕ್ಕೆಯಂತಾಗುತ್ತದೆ. ಅಜ್ಜ ಎಣ್ಣೆ ಹಚ್ಚುತ್ತಿದ್ದದ್ದು ಕಳೆದುಹೋದದ್ದನ್ನು ತುಂಬಿಕೊಡಲಿಕ್ಕೆ. ನಿಮ್ಮ ಬ್ಯಾಗು ಕಪಾಟಿನಲ್ಲಿ ಕೂತು ಏನನ್ನೂ ಕಳೆದುಕೊಂಡಿರಲಿಲ್ಲ. ಹದ ಮಾಡುವಾಗಲೇ ಬೇಕಾದ ಜಿಡ್ಡನ್ನು ಅದಕ್ಕೆ ಕುಡಿಸಿರುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗಾಯಿತು. ಹೀಗಾಗಿ ಎಣ್ಣೆ ತಪ್ಪೋ ಸರಿಯೋ ಎನ್ನುವುದಕ್ಕಿಂತ, ಈ ಚರ್ಮ ಏನನ್ನು ಕಳೆದುಕೊಂಡಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕರಾವಳಿಯಲ್ಲಿ ಕಪಾಟಿನೊಳಗಿನ ಬ್ಯಾಗು ಕಳೆದುಕೊಳ್ಳುವುದು ಗಾಳಿಯೊಂದನ್ನೇ.

ಎಲ್ಲ ಚರ್ಮವೂ ಒಂದೇ ಅಲ್ಲ, ಅದನ್ನೂ ಹೇಳಬೇಕು. ಪ್ರಾಣಿಯ ಹಸಿ ತೊಗಲು ಕೊಳೆಯದಂತೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹದ ಮಾಡುವುದು ಎನ್ನುತ್ತೇವೆ. ಅಡುಗೆಗೆ, ಮಣ್ಣಿಗೆ ಹೇಳುವ ಅದೇ ಹದ. ನಮ್ಮ ಕಡೆ ಹಿಂದಿನಿಂದ ಬಂದ ಕ್ರಮ ಗಿಡಮರಗಳ ಒಗರಿನಿಂದ ಹದ ಮಾಡುವುದು: ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ. ಬಾಯಿಗೆ ಹಾಕಿದರೆ ನಾಲಿಗೆ ಬಿಗಿಹಿಡಿಯುವ ಆ ಒಗರೇ ತೊಗಲಿನ ಎಳೆಗಳನ್ನೂ ಬಿಗಿಹಿಡಿಯುತ್ತದೆ. ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವ ಕುಶಲಕರ್ಮಿಗಳು ಬಳಸುವುದು ಇಂಥ ಚರ್ಮವನ್ನೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ಜತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಇನ್ನೊಂದು ಕ್ರಮ ಕ್ರೋಮಿಯಂ ಉಪ್ಪಿನಿಂದ ಹದ ಮಾಡುವುದು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಇದನ್ನು ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ನೀರಿಗೆ ಬೇಗ ಕೆಡದಿರಲಿ ಎನ್ನುವುದು ಅವರ ಪ್ರಯೋಗಗಳ ಹಿಂದಿದ್ದ ಒಂದು ಯೋಚನೆ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಬ್ಯಾಗು, ಶೂಗಳು ಕ್ರೋಮಿನವೇ.

ನಿಮ್ಮದು ತೊಗಟೆಯಿಂದ ಹದವಾದ, ಮೇಲೆ ಬಣ್ಣದ ಪದರವಿಲ್ಲದ ಚರ್ಮ ಎಂದು ನೀವು ಬರೆದದ್ದರಲ್ಲೇ ಗೊತ್ತಾಗುತ್ತದೆ. ಬೆಲ್ಲದ ಬಣ್ಣ ಒಂದು ಸುಳಿವು. ಎಣ್ಣೆ ತಾಗಿದ ತಕ್ಷಣ ಕಪ್ಪಾದದ್ದು ಇನ್ನೊಂದು. ಅಡಿಯ ಆ ಶಾಯಿಯಂಥ ಗೆರೆಯಂತೂ ಅನುಮಾನಕ್ಕೆ ಜಾಗವೇ ಇಲ್ಲದ ಗುರುತು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿ ಮಸಿ ಮಾಡುತ್ತಿದ್ದರು. ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು. ನಿಮ್ಮ ಬ್ಯಾಗಿನ ಅಡಿಯಲ್ಲಿ ಆಗಿರುವುದೂ ಅದೇ. ಚರ್ಮ ಒದ್ದೆ ಇತ್ತು, ಕಪಾಟಿನ ತಟ್ಟೆಯ ಅಂಚಿನಲ್ಲಿ ತುಕ್ಕು ಇತ್ತು, ಎರಡೂ ಸೇರಿ ಅಲ್ಲೇ ಮಸಿಯಾಯಿತು. ಅದು ಬೂಷ್ಟೂ ಅಲ್ಲ, ಕೊಳೆಯೂ ಅಲ್ಲ. ತಿಕ್ಕಿದರೆ ಹೋಗುವುದಿಲ್ಲ, ತಿಕ್ಕಬೇಡಿ.

ಬೂಷ್ಟು ಏಕೆ ಬಂತು? ಅದರ ಬೀಜಾಣು ಎಲ್ಲ ಮನೆಯ ಗಾಳಿಯಲ್ಲೂ ಇದೆ, ನಿಮ್ಮ ಮನೆಯಲ್ಲಿ ಕೊಳಕಿತ್ತು ಎಂದು ಬೇಸರ ಮಾಡಿಕೊಳ್ಳಬೇಡಿ. ಗಾಳಿಯ ತೇವಾಂಶ 65-70 ಪ್ರತಿಶತ ದಾಟಿ ಹಾಗೇ ನಿಂತರೆ ಅದು ಮೊಳೆಯುತ್ತದೆ. ಕರಾವಳಿಯ ಆಷಾಢದಲ್ಲಿ 85-90 ಎನ್ನುವುದು ಮಾಮೂಲು. ತೊಗಟೆಯಿಂದ ಹದವಾದ ಚರ್ಮದಲ್ಲಿ ಸಸ್ಯದ ಅಂಶ ಉಳಿದಿರುವುದರಿಂದ ಬೂಷ್ಟಿಗೆ ಅದು ಕ್ರೋಮ್ ಚರ್ಮಕ್ಕಿಂತ ಬೇಗ ಒಗ್ಗುತ್ತದೆ. ಇಷ್ಟರ ಮೇಲೆ ಪ್ಲಾಸ್ಟಿಕ್ ಕವರು. ಸುತ್ತಿಡುವಾಗ ಚರ್ಮದೊಳಗೆ ಇದ್ದ ತೇವ ಹೊರಗೆ ಹೋಗಲಾರದೆ ಅಲ್ಲೇ ಬೆವರಿತು. ಕಬ್ಬಿಣದ ಕಪಾಟು ರಾತ್ರಿ ತಣ್ಣಗಾಗಿ ಒಳಮೈಯಲ್ಲಿ ಹನಿಗಟ್ಟುವುದು ಬೇರೆ. ನುಸಿಗುಳಿಗೆ ಹುಳಕ್ಕೆ ಇಟ್ಟದ್ದು. ಅದರಿಂದ ಬೂಷ್ಟು ನಿಲ್ಲುವುದಿಲ್ಲ, ಜಿಡ್ಡಿರುವ ಚರ್ಮ ಆ ವಾಸನೆಯನ್ನು ಮಾತ್ರ ಹೀರಿಕೊಂಡು ತಿಂಗಳುಗಟ್ಟಲೆ ಬಿಡದೆ ಇಟ್ಟುಕೊಳ್ಳುತ್ತದೆ. ಹಸಿ ಬೇವಿನೆಲೆ ಇಡುವವರೂ ಇದ್ದಾರೆ. ಹಸಿ ಎಲೆಯೆಂದರೆ ನೀರೇ ಅಲ್ಲವೇ?

ಕೊಬ್ಬರಿ ಎಣ್ಣೆಯ ಬಗ್ಗೆ ಒಂದು ನ್ಯಾಯದ ಮಾತು. ಸುಮ್ಮನಿಟ್ಟರೆ ಅದು ಬೇಗ ಕೆಡುವ ಎಣ್ಣೆಯಲ್ಲ. ಆದರೆ ತೇವ ಮತ್ತು ಬೂಷ್ಟು ಎರಡೂ ಇರುವಲ್ಲಿ ಬೂಷ್ಟು ಆ ಎಣ್ಣೆಯನ್ನೇ ಒಡೆದು ತಿನ್ನಲು ತೊಡಗುತ್ತದೆ. ಹಳೇ ಕೊಬ್ಬರಿ ಗಿಟಕಿಗೆ ಬರುವ ಕಮಟು ಅದೇ. ಹೀಗೆ ಒಡೆದಾಗ ಬಿಡುಗಡೆಯಾಗುವ ಕೊಬ್ಬಿನ ಆಮ್ಲ ಹಿತ್ತಾಳೆಯಲ್ಲಿರುವ ತಾಮ್ರವನ್ನು ಹಿಡಿದು ಹಸಿರು ಮೇಣದಂಥ ಕಿಲುಬು ಕಟ್ಟಿಸುತ್ತದೆ. ವಾಸನೆ, ಜಿಗುಟು, ಕಿಲುಬು ಎಂದು ನೀವು ಬರೆದ ಮೂರೂ ಈ ಒಂದೇ ಜಾಗದಿಂದ ಹೊರಟದ್ದು. ಬೂಷ್ಟು ಸಾಯಿಸದೆ ಅದರ ಮೇಲೆ ಎಣ್ಣೆ ಎಳೆದದ್ದು ಅದಕ್ಕೆ ಊಟ ಬಡಿಸಿದಂತಾಯಿತು. ಒರೆಸಿದ ಒದ್ದೆ ಬಟ್ಟೆ ನೀರನ್ನೂ ಕೊಟ್ಟಿತು.

ಆದ್ದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ಒಣಗಿಸುವುದು, ಆಮೇಲೆ ಬೂಷ್ಟು, ಅದಾದ ಮೇಲೆ ಎಣ್ಣೆ, ಕೊನೆಗೆ ಬಣ್ಣದ ಯೋಚನೆ. ಅವಸರ ಮಾಡಬೇಡಿ, ದೀಪಾವಳಿಗೆ ಇನ್ನೂ ದಿನ ಇದೆ.

ಬ್ಯಾಗನ್ನು ಖಾಲಿ ಮಾಡಿ, ಜೇಬುಗಳನ್ನು ಸಾಧ್ಯವಾದಷ್ಟು ಹೊರಗೆ ಮಗುಚಿ, ಬಾಯಿ ತೆರೆದು, ನೆರಳಿರುವ ಜಗಲಿಯಲ್ಲೋ ಫ್ಯಾನಿನ ಕೆಳಗೋ ಎರಡು ಮೂರು ದಿನ ಇಡಿ. ಬಿಸಿಲು ಬೇಡ. ಬಿಸಿಲಿಗಿಡಿ ಎಂದವರು ಕೆಟ್ಟದ್ದು ಹೇಳಿಲ್ಲ, ಬಿಸಿಲು ಬೂಷ್ಟನ್ನು ಒಣಗಿಸುವುದು ನಿಜ. ಆದರೆ ಒದ್ದೆ ಚರ್ಮಕ್ಕೆ ಶಾಖ ತಾಗಿದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಮಲೆನಾಡಿನಿಂದ ಒಬ್ಬರು ಒಂದು ಸೊಗಸಾದ ಕೈಚೀಲ ತಂದರು. ಮಳೆಯಲ್ಲಿ ತೊಯ್ದಿದ್ದನ್ನು ಮನೆಯಲ್ಲಿ ಬಚ್ಚಲೊಲೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟಿದ್ದರಂತೆ. ಮುಚ್ಚಳದ ಒಂದು ಮೂಲೆ ಸುಟ್ಟ ಹಪ್ಪಳದಂತೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು, ಗಾಜಿನ ಹಾಗೆ ಗಟ್ಟಿ. ಬಾರನ್ನು ಎಳೆದು ನೋಡಿದರೆ ಬಕಲ್ಲಿನ ಮುಳ್ಳು ಕೊನೆಯ ತೂತಿಗೂ ಮುಟ್ಟುತ್ತಿರಲಿಲ್ಲ, ಅರ್ಧ ಇಂಚು ಕಡಿಮೆ. ತೊಗಟೆಯಿಂದ ಹದವಾದ ಚರ್ಮ ನೀರಲ್ಲಿ ನೆನೆದಿರುವಾಗ ಸುಮಾರು 70ರಿಂದ 85 ಡಿಗ್ರಿಯೊಳಗೆ ಮುದುಡಿಬಿಡುತ್ತದೆ. ಮುದುಡಿದ ಎಳೆ ಅಂಟಾಗುತ್ತದೆ, ತಿರುಗಿ ಚರ್ಮವಾಗುವುದಿಲ್ಲ. ಆ ಮುಚ್ಚಳವನ್ನು ಕತ್ತರಿಸಿ ಹೊಸದು ಹೊಲಿದುಕೊಡಬೇಕಾಯಿತು. ಬಿಸಿಲು ಅಷ್ಟು ಕಾಯುವುದಿಲ್ಲ, ನಿಜ. ಆದರೂ ನಡುಮಧ್ಯಾಹ್ನದ ಬಿಸಿಲು ಚರ್ಮವನ್ನು ಬಿರುಸು ಮಾಡುತ್ತದೆ, ಬಣ್ಣವನ್ನು ಅಲ್ಲಲ್ಲಿ ಗಾಢ ಮಾಡುತ್ತದೆ, ನಿಮ್ಮ ಬ್ಯಾಗಿನ ಮಚ್ಚೆಗಳು ಇನ್ನಷ್ಟು ಎದ್ದುಕಾಣುತ್ತವೆ. ಹೇರ್ ಡ್ರೈಯರಿನಿಂದ ಒಣಗಿಸುವುದೂ ಬೇಡ.

ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಬೂಷ್ಟನ್ನು ಉಜ್ಜಿ ತೆಗೆಯಿರಿ. ಹೊಲಿಗೆಯ ಸಾಲು, ಜಿಪ್ಪಿನ ಪಕ್ಕ, ಬಕಲ್ಲಿನ ಕೆಳಗೆ ಹೆಚ್ಚು ಗಮನ ಕೊಡಿ, ಅದು ಅಡಗಿ ಕೂರುವುದು ಅಲ್ಲೇ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಈ ಕೆಲಸ ಅವರ ಕೈಯಲ್ಲಿ ಮಾಡಿಸಬೇಡಿ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪ್ರತಿಶತದ ಐಸೊಪ್ರೊಪಿಲ್ ಆಲ್ಕೋಹಾಲನ್ನು ಬಿಳಿ ಹತ್ತಿ ಬಟ್ಟೆಗೆ ತಾಗಿಸಿ, ಬಟ್ಟೆ ತೇವ ಅನ್ನಿಸಬೇಕು ಅಷ್ಟೆ, ಹಿಂಡಿದರೆ ಹನಿ ಬೀಳಬಾರದು, ಒಂದೇ ಸಲ ಹಗುರವಾಗಿ ಒರೆಸಿಕೊಂಡು ಹೋಗಿ. ದೀಪ, ಒಲೆ ಹತ್ತಿರ ಇರಬಾರದು. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಆಲ್ಕೋಹಾಲ್ ಚರ್ಮದ ಬಣ್ಣವನ್ನೂ ಸ್ವಲ್ಪ ಎತ್ತುತ್ತದೆ. ಮೊದಲು ಮುಚ್ಚಳದ ಒಳಬದಿಯಲ್ಲಿ ರೂಪಾಯಿ ಅಗಲ ಪ್ರಯತ್ನಿಸಿ, ಒಣಗಿದ ಮೇಲೆ ನೋಡಿ. ಬಟ್ಟೆಗೆ ತುಸು ಕಂದು ಹತ್ತಿದರೆ ಚಿಂತೆಯಿಲ್ಲ, ಚರ್ಮದ ಮೇಲೆ ಬಿಳಿಚಿದ ವೃತ್ತ ಉಳಿದರೆ ನಿಲ್ಲಿಸಿ. ಕೈಗೆ ಹಾಕುವ ಸ್ಯಾನಿಟೈಸರ್ ಇದಕ್ಕೆ ಬದಲಲ್ಲ, ಅದರಲ್ಲಿ ಗ್ಲಿಸರಿನ್, ಸುವಾಸನೆ ಇತ್ಯಾದಿ ಬೆರೆತಿರುತ್ತದೆ. ಕರವಸ್ತ್ರದಂಥ ಮಕ್ಕಳ ವೈಪ್ಸ್ ಕೂಡ ಬೇಡ.

ವಿನೆಗರ್ ಬೂಷ್ಟಿಗೆ ಕೆಲಸ ಮಾಡುತ್ತದೆ. ಆದರೂ ನಾನು ಬಳಸುವುದಿಲ್ಲ. ಚರ್ಮ ತಾನೇ ಸ್ವಲ್ಪ ಹುಳಿ ಗುಣದ್ದು, ಅದಕ್ಕೆ ಮತ್ತಷ್ಟು ಹುಳಿ, ಮತ್ತಷ್ಟು ನೀರು ಏಕೆ? ನಿಮ್ಮ ಬ್ಯಾಗಿನಲ್ಲಿ ಹಿತ್ತಾಳೆಯೂ ಇದೆ, ಕಿಲುಬಿಗೆ ಇನ್ನೊಂದು ಕಾರಣ ಆದೀತು. ಸೋಪು ಇದಕ್ಕೆ ವಿರುದ್ಧದ ತಪ್ಪು. ಕ್ಷಾರ ತಾಗಿದರೆ ತೊಗಟೆಯ ಒಗರು ಸಡಿಲಗೊಂಡು ಚರ್ಮ ಕಪ್ಪಿಡುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ, ಮುಂದೆ ಚಳಿಗಾಲದಲ್ಲಿ ನಿಮಗೇ ಎದುರಾಗಬಹುದು. ಚರ್ಮದ ಮೇಲೆ ಬಿಳಿ ಕಂಡಾಗೆಲ್ಲ ಅದು ಬೂಷ್ಟಲ್ಲ. ಡಿಸೆಂಬರಿನಲ್ಲಿ ಕೊಡಗಿನಿಂದ ಬಂದ ಒಂದು ಬ್ಯಾಗಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪದರ ಇತ್ತು. ಮನೆಯವರು ಬೂಷ್ಟು ಅಂತ ಮೂರು ಸಲ ಆಲ್ಕೋಹಾಲಿನಲ್ಲಿ ಒರೆಸಿ ಚರ್ಮವನ್ನು ಬಿಳಿಚಿಸಿದ್ದರು. ನಾನು ಒಂದಡಿ ದೂರದಿಂದ ಹೇರ್ ಡ್ರೈಯರಿನ ಬಿಸಿಗಾಳಿ ಹತ್ತು ಸೆಕೆಂಡು ಬಿಟ್ಟೆ. ಬಿಳಿ ಅವರ ಕಣ್ಣೆದುರಿಗೇ ಕರಗಿ ಒಳಗೆ ಇಳಿಯಿತು. ಅದು ಕೊಬ್ಬು. ಚಳಿಗೆ ಹೆಪ್ಪುಗಟ್ಟಿ ಮೇಲೆ ಬಂದಿತ್ತು. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ಗಟ್ಟಿಯಾಗುತ್ತದಲ್ಲ, ಅದನ್ನು ಹಚ್ಚಿದ ಚರ್ಮದಲ್ಲಿ ಇದು ಬರುವುದು ಹೆಚ್ಚು. (ಒಣಗಿದ ಚರ್ಮಕ್ಕೆ ಹತ್ತು ಸೆಕೆಂಡು ತೊಂದರೆಯಿಲ್ಲ, ಮೇಲೆ ಬೇಡವೆಂದದ್ದು ಒದ್ದೆ ಚರ್ಮಕ್ಕೆ.) ಬಿಸಿಗೆ ಕರಗದೆ ಒದ್ದೆ ಬೆರಳಿಗೆ ಕರಗಿದರೆ ಅದು ಉಪ್ಪು, ಹೆಚ್ಚಾಗಿ ಬೆವರಿನದು, ಹಿಡಿಕೆಯ ಸುತ್ತ ಕಾಣುತ್ತದೆ. ಎರಡಕ್ಕೂ ಜಗ್ಗದೆ, ಚುಕ್ಕೆ ಚುಕ್ಕೆಯಾಗಿ ಹಬ್ಬಿ, ಮುಗ್ಗಲು ನಾರಿದರೆ ಅದು ಬೂಷ್ಟು. ಹಸಿರು ಬೆರೆತ ನಿಮ್ಮದು ಖಂಡಿತ ಬೂಷ್ಟೇ.

ಇನ್ನು ಎಣ್ಣೆ. ಬೂಷ್ಟಿನ ಕೆಲಸ ಮುಗಿದು ಬ್ಯಾಗು ಮತ್ತೆ ಒಂದು ದಿನ ಆರಿದ ಮೇಲೆ ಮುಲ್ತಾನಿ ಮಿಟ್ಟಿ ತನ್ನಿ. ಗುಲಾಬಿ, ಗಂಧ ಏನೂ ಬೆರೆಸದ ಸಾದಾ ಪುಡಿ. ನೀರು ಹಾಕಿ ಕಲಸಬೇಡಿ, ಒಣ ಪುಡಿಯನ್ನೇ ಕಪ್ಪಾದ ಕಡೆ ದಪ್ಪವಾಗಿ ಹರಡಿ ಒಂದು ದಿನ ಬಿಡಿ. ಉಡುಪಿಯ ಸೆಕೆಯಲ್ಲಿ ಎಣ್ಣೆ ದ್ರವವಾಗಿಯೇ ಇರುವುದರಿಂದ ಪುಡಿ ತಾನೇ ಹೀರುತ್ತದೆ. ಮಾರನೆಯ ದಿನ ಬ್ರಷ್ಷಿನಿಂದ ಉದುರಿಸಿದಾಗ ಪುಡಿ ಗಂಟುಗಂಟಾಗಿ ಬಣ್ಣ ಬದಲಿಸಿದ್ದರೆ ಎಣ್ಣೆ ಬಂತು ಎಂದು ಅರ್ಥ. ಹೊಸ ಪುಡಿ ಹಾಕಿ ಮತ್ತೆ ಮಾಡಿ. ಮೂರು, ನಾಲ್ಕು ಸಲ. ಪುಡಿ ಹಾಕಿದ ಹಾಗೇ ಒಣಒಣವಾಗಿ ಉದುರತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಇನ್ನು ಬರುವುದಿಲ್ಲ. ಮೆಕ್ಕೆಜೋಳದ ಹಿಟ್ಟನ್ನು (ಕಾರ್ನ್‌ಫ್ಲೋರ್) ಹಲವರು ಹೇಳುತ್ತಾರೆ. ಅದೂ ಹೀರುತ್ತದೆ, ಆದರೆ ಹೊಲಿಗೆಯ ಸಂದಿಯಲ್ಲಿ ಉಳಿದ ಹಿಟ್ಟು ಮುಂದಿನ ಮಳೆಗಾಲಕ್ಕೆ ಬೂಷ್ಟಿನ ಬುತ್ತಿ.

ಕಿಲುಬನ್ನು ಬಿದಿರು ಕಡ್ಡಿಯ ತುದಿಯಿಂದ ಕೆರೆದು, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಹಿತ್ತಾಳೆ ಎಂದರೆ ಹುಣಸೆಹಣ್ಣು ಎಂದು ಕೈ ಹೋಗುತ್ತದೆ, ಇಲ್ಲಿ ತಡೆಯಿರಿ. ಹುಳಿಯೂ ಪಾಲಿಶ್ ದ್ರವವೂ ಚರ್ಮಕ್ಕೆ ಇಳಿದು ಬಕಲ್ಲಿನ ಸುತ್ತ ಹೊಸ ಕಲೆ ಮಾಡುತ್ತವೆ.

ಅಡಿಯ ಶಾಯಿಗೆರೆಗೆ ಒಂದು ಉಪಾಯ ಇದೆ. ಒಂದು ಚಮಚ ನಿಂಬೆರಸಕ್ಕೆ ಎರಡು ಚಮಚ ಕಾಯಿಸಿ ಆರಿಸಿದ ನೀರು ಬೆರೆಸಿ, ಹತ್ತಿಯ ಕಡ್ಡಿಯಲ್ಲಿ ಗೆರೆಯ ಮೇಲೆ ಮಾತ್ರ ಸವರಿದರೆ ಒಗರು-ಕಬ್ಬಿಣದ ಗಂಟು ಬಿಟ್ಟು ಕಪ್ಪು ತಿಳಿಯಾಗುತ್ತದೆ. ಅಥಣಿಯ ಕಡೆಯ ಚಪ್ಪಲಿಗಳಿಗೂ ನಾನು ಇದನ್ನೇ ಮಾಡುವುದು. ಆದರೆ ವಿನೆಗರ್ ಬೇಡವೆಂದು ನಿಂಬೆ ಹೇಳುತ್ತೀರಲ್ಲ ಎಂದು ನೀವು ಕೇಳಬಹುದು. ಇಡೀ ಮೈಗೆ ಹುಳಿ ಎಳೆಯುವುದಕ್ಕೂ, ಮೂರು ಇಂಚಿನ ಗೆರೆಗೆ ಕಡ್ಡಿಯಲ್ಲಿ ಮುಟ್ಟಿಸಿ ಎರಡು ನಿಮಿಷಕ್ಕೆ ಶುದ್ಧ ನೀರಿನ ತೇವಬಟ್ಟೆಯಿಂದ ಒತ್ತಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಆದರೂ ಅಲ್ಲಿ ಬಣ್ಣ ಸ್ವಲ್ಪ ತಿಳಿಯಾಗುವ ಸಂಭವ ಇದ್ದೇ ಇದೆ. ಅಡಿಭಾಗ ಯಾರಿಗೂ ಕಾಣುವುದಿಲ್ಲ. ನನ್ನ ಬ್ಯಾಗಾಗಿದ್ದರೆ ಹಾಗೇ ಬಿಡುತ್ತಿದ್ದೆ.

ಇಷ್ಟಾದ ಮೇಲೆ ಉಳಿಯುವ ಮಚ್ಚೆಗಳಿಗೆ ನಿಮ್ಮ ಮುಂದೆ ಮೂರು ದಾರಿ. ಮೊದಲನೆಯದು ಸುಮ್ಮನೆ ಬಳಸುವುದು. ಈ ಜಾತಿಯ ಚರ್ಮ ಬೆಳಕಿಗೆ, ಕೈಗೆ, ಗಾಳಿಗೆ ತಾನೇ ಗಾಢವಾಗುತ್ತ ಹೋಗುತ್ತದೆ. ವರ್ಷ ಒಂದೂವರೆ ವರ್ಷದಲ್ಲಿ ಸುತ್ತಲಿನ ಬಣ್ಣವೇ ಕೆಳಗಿಳಿದು ಮಚ್ಚೆಯ ಹತ್ತಿರ ಬರುತ್ತದೆ. ನನ್ನ ಮನಸ್ಸು ವಾಲುವುದು ಇದರ ಕಡೆಗೆ. ಎರಡನೆಯದು ಉಳಿದ ಭಾಗಕ್ಕೂ ಒಂದೇ ಸಮನಾಗಿ ತೆಳ್ಳಗೆ ಚರ್ಮದ ಎಣ್ಣೆ ಹಚ್ಚಿ ಇಡೀ ಬ್ಯಾಗನ್ನು ಒಂದೇ ಗಾಢ ಬಣ್ಣಕ್ಕೆ ತರುವುದು. ಕಣ್ಣಿಗೆ ಬೇಗ ಹಿತ. ಆದರೆ ಈಗಾಗಲೇ ಎಣ್ಣೆ ಕುಡಿದ ಬ್ಯಾಗು ಇನ್ನಷ್ಟು ಕುಡಿದರೆ ಸೊರಗಿ ಜೋಲುತ್ತದೆ, ಬಾರು ಎಳೆದುಕೊಳ್ಳುತ್ತದೆ, ಕರಾವಳಿಯ ಮುಂದಿನ ಮಳೆಗಾಲಕ್ಕೆ ಬೂಷ್ಟಿನ ಭಯವೂ ಹೆಚ್ಚು. ನಿಮಗೆ ಇದನ್ನು ಹೇಳಲಾರೆ. ಮೂರನೆಯದು ಅನುಭವಸ್ಥ ಕುಶಲಕರ್ಮಿಯಿಂದ ಗಾಢ ಕಂದು ಬಣ್ಣ ಹಾಕಿಸುವುದು. ಸರಿಯಾಗಿ ಮಾಡಿದರೆ ಚೆಂದ. ಎಣ್ಣೆ ಇರುವ ಕಡೆ ಬಣ್ಣ ಹಿಡಿಯದೆ ಮಚ್ಚೆಮಚ್ಚೆಯಾಗುವುದುಂಟು, ಬಿಳಿ ಸೀರೆಗೆ ಬಣ್ಣ ಹತ್ತುವುದೂ ಉಂಟು. ಮೊದಲು ಎಣ್ಣೆ ತೆಗೆದೇ ಬಣ್ಣ ಹಾಕುತ್ತೀರಾ ಎಂದು ಕೇಳಿ. ಅದೇನೂ ಬೇಕಿಲ್ಲ ಎಂದರೆ ಬ್ಯಾಗು ಕೊಡಬೇಡಿ.

ಶೂ ಪಾಲಿಶ್ ಈ ಪಟ್ಟಿಯಲ್ಲೇ ಇಲ್ಲ. ಅದು ಮೇಣ ಮತ್ತು ಬಣ್ಣ. ಶೂ ಮೇಲೆ ಕೂತಿರಲು ಮಾಡಿದ್ದು, ಸೊಂಟಕ್ಕೆ ಸೀರೆಗೆ ತಾಗುವ ಬ್ಯಾಗಿಗಲ್ಲ. ಒಳಗೆ ತೇವ, ಬೂಷ್ಟು ಇರುವಾಗ ಮೇಲೆ ಮೇಣ ಬಳಿದರೆ ಪ್ಲಾಸ್ಟಿಕ್ ಕವರನ್ನೇ ಚರ್ಮಕ್ಕೆ ಅಂಟಿಸಿದ ಹಾಗೆ.

ಎಷ್ಟು ದಿನಕ್ಕೊಮ್ಮೆ ಎಣ್ಣೆಯೋ ಕಂಡೀಷನರೋ (ಚರ್ಮವನ್ನು ಮೃದುವಾಗಿಡುವ ಮುಲಾಮು) ಹಚ್ಚಬೇಕು ಎಂಬ ಪ್ರಶ್ನೆ ಇದರ ಹಿಂದೆಯೇ ಬರುತ್ತದೆ. ಡಬ್ಬಿಯ ಮೇಲೆ ತಿಂಗಳಿಗೊಮ್ಮೆ ಎಂದಿರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ದಿನಾ ಆಫೀಸಿಗೆ ಹೋಗುವ ಬ್ಯಾಗಿಗೂ ಅಷ್ಟು ಬೇಕಾಗುವುದಿಲ್ಲ. ಬಗ್ಗುವ ಕಡೆ, ಅಂದರೆ ಮುಚ್ಚಳದ ಮಡಿಕೆಯಲ್ಲಿ, ಬಾರಿನ ಬುಡದಲ್ಲಿ ಚರ್ಮ ಒಣಕಲಾಗಿ ಕಂಡು, ಮುಟ್ಟಿದರೆ ರಟ್ಟಿನ ಹಾಗೆ ಅನಿಸಿದರೆ ಆಗ ಕಡಲೆಕಾಳಿನಷ್ಟು ಜೇನುಮೇಣ ಬೆರೆತ ಕಂಡೀಷನರು ಸಾಕು. ಬಯಲುಸೀಮೆಯಲ್ಲಿ ವರ್ಷಕ್ಕೆ ಎರಡು ಸಲ, ನಿಮ್ಮ ಊರಿನಲ್ಲಿ ಮಳೆ ಪೂರ್ತಿ ನಿಂತ ಮೇಲೆ ಒಂದು ಸಲ. ನಿಮ್ಮ ಈ ಬ್ಯಾಗಿಗೆ ಇನ್ನು ಎರಡು ವರ್ಷ ಏನೂ ಬೇಡ. ಈ ಮಾತುಗಳೆಲ್ಲ ನಿಜವಾದ ಚರ್ಮಕ್ಕೆ. ನಾಲ್ಕೈದು ವರ್ಷಕ್ಕೆ ಸಿಪ್ಪೆ ಸಿಪ್ಪೆಯಾಗಿ ಏಳುವ ಬ್ಯಾಗಿನಲ್ಲಿ ಏಳುತ್ತಿರುವುದು ಮೇಲಿನ ಪಾಲಿಯುರಿಥೇನ್ ಪದರ. ಅದನ್ನು ನಮ್ಮ ತೇವದ ಗಾಳಿಯೇ ಒಡೆಯುತ್ತದೆ, ಯಾವ ಎಣ್ಣೆಯೂ ಅಂಟಿಸಲಾರದು.

ಮುಂದಿನ ಮಳೆಗಾಲಕ್ಕೆ ನಾನು ಕೇಳಿಕೊಳ್ಳುವುದು ಒಂದೇ: ಈ ಬ್ಯಾಗನ್ನು ಬಳಸಿ. ಮೂವತ್ತು ವರ್ಷದಲ್ಲಿ ನನ್ನ ಬಳಿ ಬಂದ ಬೂಷ್ಟು ಹಿಡಿದ ಬ್ಯಾಗುಗಳು ಹೆಚ್ಚುಕಡಿಮೆ ಎಲ್ಲವೂ ಜೋಪಾನವಾಗಿ ಎತ್ತಿಟ್ಟವು. ದಿನಾ ಹೆಗಲಿಗೇರುವ ಬ್ಯಾಗಿಗೆ ಗಾಳಿಯಾಡುತ್ತದೆ, ಕೈ ತಾಗುತ್ತದೆ, ಬೂಷ್ಟು ಬೇರೂರಲು ಪುರುಸೊತ್ತೇ ಸಿಗುವುದಿಲ್ಲ. ಮಳೆಯಲ್ಲಿ ನೆನೆದರೆ ಒಣ ಬಟ್ಟೆಯಲ್ಲಿ ಒತ್ತಿ, ಬಾಯಿ ತೆರೆದು ಫ್ಯಾನಿನ ಕೆಳಗಿಡಿ, ಅಷ್ಟೆ. ಎತ್ತಿಡಲೇಬೇಕಾದರೆ ಹಳೆಯ ಹತ್ತಿ ಸೀರೆಯಿಂದ ಒಂದು ಚೀಲ ಹೊಲಿದು, ಹೊಟ್ಟೆಯೊಳಗೆ ಇನ್ನೊಂದು ಹಳೆ ಸೀರೆ ತುಂಬಿ, ಕಪಾಟಿನ ಬದಲು ಮರದ ಹಲಗೆಯ ಮೇಲೆ ನಿಲ್ಲಿಸಿ. ಮೊಳೆಗೆ ತೂಗುಹಾಕಬೇಡಿ, ಬಾರು ಉದ್ದವಾಗುತ್ತದೆ. ವಾರಕ್ಕೊಮ್ಮೆ ತೆಗೆದು ಕೊಡವಿ ಗಾಳಿಗೆ ಇಡಿ. ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣಗಳನ್ನು ನಂಬಿ ಕೂರಬೇಡಿ. ಬಾಗಿಲು ತೆಗೆದು ಹಾಕುವ ಕಪಾಟಿನಲ್ಲಿ ಕರಾವಳಿಯ ತೇವಕ್ಕೆ ಅವು ಕೆಲವೇ ದಿನದಲ್ಲಿ ತುಂಬಿಹೋಗುತ್ತವೆ. ಆಮೇಲೆ ಅವು ಬರೀ ಮರಳು.

ದೀಪಾವಳಿಗೆ ಎರಡು ವಾರ ಇರುವಾಗ ಒಮ್ಮೆ ಮೂಗಿಗೆ ಹಿಡಿದು ನೋಡಿ. ಕಮಟು ಇನ್ನೂ ಇದ್ದರೆ ಅದು ಹೆಚ್ಚಾಗಿ ಒಳಗಿನ ಬಟ್ಟೆಯ ಅಸ್ತರಿನಲ್ಲಿ ಉಳಿದಿರುತ್ತದೆ, ಚರ್ಮದಲ್ಲಿ ಅಲ್ಲ. ಅಸ್ತರು ಬಿಚ್ಚಿ ಹೊಸದು ಹಾಕುವುದು ಒಂದು ದಿನದ ಕೆಲಸ, ನಿಮ್ಮೂರಿನಲ್ಲಿ ಸೂಟ್‌ಕೇಸ್ ರಿಪೇರಿ ಮಾಡುವವರೂ ಮಾಡಿಕೊಡುತ್ತಾರೆ. ಹತ್ತಿಯ ಅಸ್ತರು ಹಾಕಿಸಿ, ಹಳೆಯ ಹೊಲಿಗೆಯ ತೂತುಗಳಲ್ಲೇ ದಾರ ಹಾಯಿಸಲು ಹೇಳಿ. ಹೊಸ ತೂತು ಹೊಡೆದರೆ ಬಾಯಂಚು ಹರಿಯುವ ಅಪಾಯ ಇದೆ.